ನಂದಿಗುಡಿಯ ಅಂಗಾಲು, ದಾವಣಗೆರೆಯ ಡಾಕ್ಟರು

ರಾತ್ರಿ ಮೈಸೂರು ಬಿಟ್ಟ ರೈಲು ಬೆಳಕು ಹರಿಯುವ ಹೊತ್ತಿಗೆ ನನ್ನನ್ನು ದಾವಣಗೆರೆಯಲ್ಲಿ ಇಳಿಸಿತು. ಆಗಸ್ಟ್ ತಿಂಗಳ ಮಳೆ ಆಗಷ್ಟೇ ನಿಂತಿತ್ತು, ಪ್ಲಾಟ್‌ಫಾರಂ ಒದ್ದೆಯಾಗಿತ್ತು. ಹೊರಗೆ ಆಟೋದವನು ಎಸ್.ಎಸ್. ಬಡಾವಣೆಗೆ ನೂರೈವತ್ತು ಕೇಳಿದ. ನಾನು ಎಂಬತ್ತು ಎಂದೆ. "ಬೆಳಗ್ಗೆ ಬೆಳಗ್ಗೆ ಯಾಕ್ರೀ ಅಕ್ಕಾ ಜಗಳ, ನೂರು ಕೊಡ್ರಿ, ಕೂಡ್ರಿ" ಎಂದ. ಕೂತೆ. ಹೈಸ್ಕೂಲಿನಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಸೋಲನ್ನು ಒಪ್ಪಂದ ಎಂದು ಕರೆಯುವುದು ನಮ್ಮ ಮೊದಲ ಪಾಠ.

ಬಂದ ಕಾರಣ ಇದು. ನನ್ನ ಅಮ್ಮನ ತವರು ಈ ಕಡೆಯದು. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ ಗೌರಮ್ಮ, ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ ಗದ್ದೆ, ಮನೆ, ಮಗ, ಸೊಸೆ ಎಲ್ಲವನ್ನೂ ಒಂದೇ ದನಿಯಲ್ಲಿ ಆಳುವವಳು. ಅವಳಿಗೆ ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ಎಡಗಾಲಿಗೆ ಆದ ಗಾಯ ಮಳೆಗಾಲ ಅರ್ಧ ಕಳೆದರೂ ಮಾಯಲಿಲ್ಲ. ಔಷಧ ನಡೆಯುತ್ತಿದ್ದದ್ದು ಫೋನಿನಲ್ಲಿ. ವಾರಕ್ಕೊಮ್ಮೆ ಡಾಕ್ಟರು ವಿಡಿಯೋದಲ್ಲಿ ಬರುತ್ತಾರೆ, ಇವಳು ಆರಾಮ ಎನ್ನುತ್ತಾಳೆ, ಅವರು ಮಾತ್ರೆ ಬರೆಯುತ್ತಾರೆ. ಅಮ್ಮನಿಗೆ ಆ 'ಆರಾಮ'ದ ಮೇಲೆ ನಂಬಿಕೆ ಹೊರಟುಹೋಗಿತ್ತು. "ಇದೇ ಕಾಯಿಲೆಯಲ್ಲಿ ನಮ್ಮ ಸೋದರತ್ತೆಯ ಕಾಲು ಮಂಡಿವರೆಗೆ ತೆಗೆದ್ರು ಕಣೇ. ನೀನು ಹೋಗಿ ಕಣ್ಣಾರೆ ನೋಡ್ಕೊಂಡು ಬಾ" ಎಂದು ಟಿಕೆಟ್ ಕೊಟ್ಟು ಕಳಿಸಿದಳು.

ಫೋನಿನ ಡಾಕ್ಟರ ವಿಷಯದಲ್ಲಿ ನನ್ನ ನಿಲುವು ಏನೆಂದು ನೀವು ಕೇಳಬಹುದು. ಆ ವಿಷಯದ ಪರವಾಗಿ ಒಮ್ಮೆ ಮಾತಾಡಿ ಗೆದ್ದಿದ್ದೇನೆ, ವಿರೋಧವಾಗಿ ಇನ್ನೊಮ್ಮೆ ಮಾತಾಡಿ ಗೆದ್ದಿದ್ದೇನೆ. ಹಾಗಾಗಿ ಎರಡನ್ನೂ ನಂಬುವುದಿಲ್ಲ.

ಎಸ್.ಎಸ್. ಬಡಾವಣೆಯಲ್ಲಿ ಶಿವಕುಮಾರ ಮಾವನ ಮನೆ. ಅಮ್ಮನ ತಮ್ಮ ಇವರು, ಪೇಟೆಯಲ್ಲಿ ಬಟ್ಟೆ ಅಂಗಡಿ. ಊರಿನ ಒಂದು ಖಾಸಗಿ ಆಸ್ಪತ್ರೆಯ ಫೋನ್ ವೈದ್ಯ ಸೇವೆಯನ್ನು ಮನೆಯವರಿಗೆಲ್ಲ, ನಂದಿಗುಡಿಯ ಅಕ್ಕನಿಗೆ, ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಸೇರಿಸಿ ಮಾಡಿಸಿದವರು ಇವರೇ. ಆ ಔದಾರ್ಯವನ್ನು ಹೊಗಳೋಣ ಎಂದು ಬಾಯಿ ತೆರೆದರೆ ಅವರೇ ಬೈಯಲು ಶುರು ಮಾಡಿದರು.

"ಫೋನ್ನಾಗ ಸಣ್ಣದಾಗಿ ಕಾಣ್ತಾರೆ ಅಂತ ಟೀವಿಗೆ ಹಾಕ್ಸಿದೆ ಕಣವ್ವ. ಡಾಕ್ಟ್ರ ಮಕ ಬಾಗ್ಲಷ್ಟು ಬಂತು. ದನೀನೂ ಅಷ್ಟೇ ಬಂತು. 'ಮೋಷನ್ ಹೇಗಿದೆ, ರಕ್ತ ಏನಾದ್ರೂ ಹೋಗ್ತಿದೆಯಾ' ಅಂತ ಕೇಳಿದ್ದು ಮ್ಯಾಲಿನ ಮನೆ ಬಾಡಿಗೆಯವ್ರಿಗೂ ಕೇಳ್ತು. ಮಾರನೇ ದಿನ ಆಯಮ್ಮ ಮೂಲಂಗಿ ತಂದುಕೊಟ್ಳು, ಮೂಲವ್ಯಾಧಿಗೆ ಒಳ್ಳೇದಂತೆ."

ಅಡುಗೆಮನೆಯಿಂದ ಅತ್ತೆ ನಕ್ಕ ಸದ್ದು ಕೇಳಿತು. "ಬೀದಿಗೆಲ್ಲ ಗೊತ್ತಾಗೈತೆ ಬಿಡವ್ವ, ನೀನೊಬ್ಳೇ ಉಳ್ದಿದ್ದೆ" ಎಂದರು.

"ನಗು ನೀನು. ಅದು ಹೋಗ್ಲಿ. ಮೊದ್ಲು ನಮ್ಮ ಡಾಕ್ಟ್ರು ಅಂಗಡಿಗೆ ಬಂದು ಚಾ ಕುಡ್ದು, ನಾಡಿ ಹಿಡ್ದು, 'ಶಿವಣ್ಣಾ, ಮಿರ್ಚಿ ಬಿಡು' ಅನ್ನೋರು. ಈಗಿನವ್ರಿಗೆ ನಾನ್ಯಾರು ಅಂತ್ಲೇ ಗೊತ್ತಿಲ್ಲ."

"ನೀವ್ಯಾರು ಅಂತ ಯಾಕೆ ಗೊತ್ತಿರಬೇಕು ಮಾವ? ಕಾಯಿಲೆ ಏನು ಅಂತ ಗೊತ್ತಿದ್ದರೆ ಸಾಲದಾ?"

"ನಾನ್ಯಾರು ಅಂತ ಗೊತ್ತಿಲ್ದೇ ಕಾಯ್ಲೆ ಯಾರ್ದು ಅಂತ ಹೆಂಗೆ ಗೊತ್ತಾಗ್ತೈತೆ?"

ನಾನು ಪ್ರತಿವಾದ ಹೂಡುವ ಮುಂಚೆ ಮಾವ ನನ್ನನ್ನು ಕರೆದುಕೊಂಡು ಹೋಗಿ ಬೆಣ್ಣೆ ದೋಸೆ ತಿನ್ನಿಸಿದರು. ಎರಡು ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆಯ ಉಂಡೆ, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ತೆಳುವಾದ ಚಟ್ನಿ. ಮೈಸೂರಿನವಳಾಗಿ ಹೇಳುತ್ತಿದ್ದೇನೆ, ದೋಸೆಯ ವಿಷಯದಲ್ಲಿ ನಮ್ಮೂರಿನ ಪರವಾಗಿ ವಾದಿಸಲು ನನ್ನನ್ನು ಕರೆಯಬೇಡಿ.

ಸಂಜೆ ಮಾವ ಒಂದು ಕೆಲಸ ಒಪ್ಪಿಸಿದರು. ದೊಡ್ಡಮ್ಮನ ರವಿಕೆಗಳು ವಿನೋಬನಗರದ ಟೈಲರ್ ಹತ್ತಿರ ಇದ್ದವು. ದಾರಿ ತೋರಿಸಲು ಅಂಗಡಿಯ ನಾಗವೇಣಿ ಜೊತೆಗೆ ಬಂದಳು. ಅವಳ ಮನೆಯೂ ಅಲ್ಲೇ. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು, ಎರಡು ಮಕ್ಕಳ ತಾಯಿ. ಆದರೂ ಅಂಗಡಿಯವರ ಅಕ್ಕನ ಮಗಳೆಂದು ನನ್ನನ್ನೇ ಅಕ್ಕ ಎಂದಳು. ಕಿರಾಣಿ, ಸೈಕಲ್ ರಿಪೇರಿ, ಮಂಡಕ್ಕಿ ಚೀಲಗಳ ನಡುವೆ ನಡೆಯುತ್ತ ಮಾವನ ಟೀವಿ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ನೀನು ಫೋನ್ ಡಾಕ್ಟರ ಹತ್ತಿರ ಎಲ್ಲಿ ಕೂತು ಮಾತಾಡ್ತೀಯ?" ಎಂದೆ.

"ಕೂರಾದಿಲ್ಲಕ್ಕ. ಟ್ರಯಲ್ ರೂಮಿನಾಗೆ ನಿಂತ್ಕೊಂಡು."

"ಬಟ್ಟೆ ಹಾಕಿ ನೋಡೋ ಟ್ರಯಲ್ ರೂಮಾ?"

"ಮತ್ತೆ? ಮನ್ಯಾಗೆ ಇರಾದು ಒಂದೇ ಕೋಣೆ. ಅತ್ತಿ, ಮಾವ, ಇವ್ರು, ಮಕ್ಳು. ನಂದು ತಿಂಗ್ಳ ತ್ರಾಸು, ಯಾರ ಮುಂದೆ ಹೇಳ್ಲಿ? ಟ್ರಯಲ್ ರೂಮಿನಾಗೆ ಮೂರು ಕಡೆ ಕನ್ನಡಿ. ಡಾಕ್ಟ್ರಮ್ಮ 'ಯಾಕಮ್ಮ ನಾಲ್ಕು ಜನ ನಿಂತಿದೀರಿ' ಅಂದ್ರು. ಹೊರಗಿಂದ ಗಿರಾಕಿ ಬಾಗ್ಲು ಬಡೀತಾರೆ, 'ಅಳತಿ ಸರಿ ಆತೇನ್ರಿ' ಅಂತ. ನಾನು ಒಳಗಿಂದ 'ಇನ್ನೂ ಸ್ವಲ್ಪ ಬಿಗಿ ಐತ್ರಿ' ಅಂತೀನಿ."

ಇಬ್ಬರೂ ರಸ್ತೆಯಲ್ಲೇ ನಿಂತು ನಕ್ಕೆವು. ನಗು ನಿಂತ ಮೇಲೆ ಅವಳು, "ಡಾಕ್ಟ್ರಮ್ಮ ಒಳ್ಳೇರೇ ಅಕ್ಕ. ಕೇಳಿದ್ದಕ್ಕೆಲ್ಲ ಹ್ಞೂಂ, ಊಂಹೂಂ ಅಂತ ಹೇಳಿದ್ರೆ ಅವ್ರಾದ್ರೂ ಏನು ಮಾಡ್ತಾರೆ? ಹೇಳ್ಬೇಕಾದ್ದು ಒಂದೂ ಹೇಳಿಲ್ಲ ನಾನು" ಎಂದಳು.

ಮಾವನ ಹತ್ತಿರ ಆಫೀಸ್ ಕೋಣೆ ಕೇಳಬಾರದೇ ಎಂದೆ. "ಕೇಳಿದ್ರೆ ಕಾರಣ ಕೇಳ್ತಾರೆ" ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಮಾವನ ಮೇಲೆ ವಾದಕ್ಕೆ ಬಿದ್ದೆ. ಎಂಟು ಕೋಣೆಯ ಮನೆಯಲ್ಲಿದ್ದು ಗುಟ್ಟು ಕಾಪಾಡಿಕೊಳ್ಳಲಾಗದ ನೀವು, ಒಂದೇ ಕೋಣೆಯ ಮನೆಯವರಿಗೆ ಫೋನ್ ಡಾಕ್ಟರನ್ನು ಕೊಡಿಸಿದ್ದೀರಿ, ಬಾಗಿಲು ಕೊಡಿಸಿಲ್ಲ ಎಂದೆ. ಅಂಗಡಿಯ ಯಾವ ಹೆಂಗಸು ಡಾಕ್ಟರ ಫೋನ್ ಎಂದರೂ ಆಫೀಸ್ ಕೋಣೆಯ ಬೀಗದಕೈ ಕೊಡಬೇಕು, ಕಾರಣ ಕೇಳಬಾರದು ಎಂದೆ. ಮಾವ ಜೋಳದ ರೊಟ್ಟಿಯಿಂದ ಹಿಡಿದು ಮಜ್ಜಿಗೆಯವರೆಗೆ ಗುದ್ದಾಡಿದರು. ಕೊನೆಗೆ ಅತ್ತೆ, "ನಿಮ್ಮ ಮೂಲಂಗಿ ನೆನೆಸ್ಕೊಂಡು ಹ್ಞೂಂ ಅನ್ರಿ" ಎಂದಾಗ ಹ್ಞೂಂ ಎಂದರು. ತೀರ್ಪುಗಾರರಿಲ್ಲದೆ ನಾನು ಗೆದ್ದ ಮೊದಲ ಚರ್ಚೆ ಅದು.

ಮರುದಿನ ಬೆಳಗ್ಗೆ ಹರಿಹರದ ಬಸ್ ಹತ್ತಿದೆ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ ಶೂನ್ಯ. ಬಸ್ಸಿನ ತುಂಬ ಹೂವಿನ ಬುಟ್ಟಿ, ಶಾಲೆಯ ಚೀಲ, ಒಬ್ಬಾಕೆಯ ಮಡಿಲಲ್ಲಿ ಹೊಸ ಮಿಕ್ಸಿ. ಹರಿಹರದಲ್ಲಿ ನಂದಿಗುಡಿಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಖಾರಮಂಡಕ್ಕಿ, ಮಿರ್ಚಿ ತೆಗೆದುಕೊಂಡೆ. ಎದುರು ಕೂತವರು ಕಾರ್ಖಾನೆಯ ನೀಲಿ ಅಂಗಿಯಲ್ಲಿದ್ದರು, ರಾತ್ರಿ ಪಾಳಿ ಮುಗಿಸಿ ಬಂದವರು. ಮಿರ್ಚಿಯ ತಟ್ಟೆ ನನ್ನ ಕಡೆ ತಳ್ಳಿ, "ನೀವೇ ತಿನ್ರಿ, ನಂಗೆ ಬೀಪಿ" ಎಂದರು. ಡಾಕ್ಟರು ಹೇಳಿದ್ದಾರಾ ಎಂದೆ.

"ಎಲ್ಲಿ ಹೇಳ್ತಾರ್ರೀ? ಕಂಪನಿಯವ್ರು ಫೋನ್ ಡಾಕ್ಟ್ರನ್ನ ಫ್ರೀ ಕೊಟ್ಟಾರೆ. ಅವ್ರು ಫೋನ್ ಮಾಡೋದು ಪಾಳಿ ಹೊತ್ನಾಗೆ. ಒಳಗೆ ಫೋನ್ ಒಯ್ಯಂಗಿಲ್ಲ. ನಾನು ಮಷಿನ್ ಮುಂದೆ, ಫೋನ್ ಗೇಟ್ನಾಗೆ, ಡಾಕ್ಟ್ರು ಬೆಂಗ್ಳೂರಾಗೆ. ಮೂರೂ ಒಂದು ಕಡೆ ಸೇರೋದು ಯಾವಾಗ ಹೇಳ್ರಿ? ಮೂರು ಸಲ ಎತ್ಲಿಲ್ಲ ಅಂದ್ರೆ 'ರೋಗಿಗೆ ಆಸಕ್ತಿ ಇಲ್ಲ' ಅಂತ ಬರ್ಕೊಂತಾರಂತೆ."

ಅವರು ಎದ್ದು ಹೋದ ಮೇಲೆ ನಾನು ದೇವಸ್ಥಾನದವರೆಗೆ ನಡೆದೆ. ದೇವರ ವಿಷಯದಲ್ಲೂ ನನಗೆ ಸಂಶಯಗಳಿವೆ, ಆದರೆ ಹರಿಹರದ ಮೂರ್ತಿಯನ್ನು ನೋಡದೆ ಹೋಗಲಾರೆ. ಅರ್ಧ ಹರಿ, ಅರ್ಧ ಹರ. ಪಕ್ಷ ಪ್ರತಿಪಕ್ಷ ಎರಡೂ ಒಂದೇ ಕಲ್ಲಿನಲ್ಲಿ ನಿಂತು ಇಷ್ಟು ಶತಮಾನ ಜಗಳವಾಡದೆ ಇರುವುದನ್ನು ಚರ್ಚಾಪಟುವೊಬ್ಬಳು ಗೌರವಿಸಲೇಬೇಕು.

ನಂದಿಗುಡಿಯ ದಾರಿಯಲ್ಲಿ ಗದ್ದೆಗಳಿಗೆ ನೀರು ಬಿಟ್ಟಿದ್ದರು. ನಾಟಿ ಕಾಲ. ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತ ಸಸಿ ಊರುತ್ತಿದ್ದರು. ದೊಡ್ಡಮ್ಮನ ಗದ್ದೆಯಲ್ಲಿ ಮೊದಲ ಹಿಡಿ ಸಸಿಯನ್ನು ಪ್ರತಿ ವರ್ಷ ಅವಳೇ ನೆಡುವುದು, ಬರಿಗಾಲಲ್ಲಿ ಕೆಸರಿಗೆ ಇಳಿದು. ಬಸ್ಸಿನಲ್ಲಿ ಕೂತು ನನಗೆ ಆ ಕಾಲಿನದೇ ಯೋಚನೆ.

ಜಗಲಿಯ ಮೇಲೆ ಕೂತು ಅವಳು ಆಳುಗಳ ಜೊತೆ ಮಾತಾಡುತ್ತಿದ್ದಳು. ಹಣೆ ತುಂಬ ವಿಭೂತಿ, ಕುತ್ತಿಗೆ ನೆಟ್ಟಗೆ. ಕಾಲು ಮುಟ್ಟಿ ನಮಸ್ಕರಿಸುವ ಪದ್ಧತಿಯ ವಿರುದ್ಧ ನನ್ನಲ್ಲಿ ಐದು ಸದೃಢ ವಾದಗಳಿವೆ. ಅಮ್ಮನ ಅಪ್ಪಣೆಯ ಮುಂದೆ ಐದೂ ಬಿದ್ದವು, ಬಗ್ಗಿದೆ. ದೊಡ್ಡಮ್ಮ ಎಡಗಾಲನ್ನು ಸರ್ರನೆ ಸೀರೆಯೊಳಗೆ ಎಳೆದುಕೊಂಡಳು.

"ಆ ಕಾಲು ಬ್ಯಾಡ. ಈ ಕಾಲು ಮುಟ್ಟು."

"ಯಾಕೆ ದೊಡ್ಡಮ್ಮ?"

"ಬಂದ ಕೂಡ್ಲೇ ಯಾಕ, ಏನು ಅಂತ ಸುರು ಮಾಡಿದ್ಲು ನೋಡು ಲಾಯ್ರಮ್ಮ! ಕೂಡ್ರು. ಏ ಸವಿತಾ, ಚೈತ್ರಿ ಬಂದಾಳೆ, ಮಜ್ಜಿಗಿ ತಾ."

ಸವಿತಾ ನನ್ನ ಅತ್ತಿಗೆ, ದೊಡ್ಡಮ್ಮನ ಸೊಸೆ. ಅಣ್ಣ ಆ ವಾರ ಊರಲ್ಲಿರಲಿಲ್ಲ. ಮಾತು ಕಡಿಮೆ, ಕಣ್ಣು ಚುರುಕು. ದೊಡ್ಡಮ್ಮ ಒಳಗೆ ನಡೆದು ಹೋಗುವಾಗ ಎಡಗಾಲಿನ ಹಿಮ್ಮಡಿಯನ್ನಷ್ಟೇ ಊರುತ್ತಿದ್ದುದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅತ್ತಿಗೆ ನೋಡಿದಳು. ಊಟವಾಗಿ ದೊಡ್ಡಮ್ಮ ಮಲಗಿ ನಿದ್ದೆ ಹೋದ ಮೇಲೆ ನನ್ನನ್ನು ಕೈಸನ್ನೆಯಲ್ಲಿ ಕರೆದು ಹೊದಿಕೆಯ ತುದಿಯನ್ನು ಮೆಲ್ಲಗೆ ಎತ್ತಿದಳು.

ಗಾಯ ಅಂಗಾಲಿನಲ್ಲಿತ್ತು, ಹೆಬ್ಬೆರಳಿನ ಬುಡದಲ್ಲಿ. ನಾಣ್ಯದಷ್ಟು ಅಗಲ, ಸುತ್ತ ಕಪ್ಪು ಅಂಚು, ಒಳಗೆ ಒದ್ದೆ. ವಾಸನೆಯೂ ಇತ್ತು. ಹಿಂದಿನ ವಾರ ಡಾಕ್ಟರಿಗೆ ಕಳಿಸಿದ್ದ ಫೋಟೋವನ್ನು ಅತ್ತಿಗೆ ಫೋನಿನಲ್ಲಿ ತೋರಿಸಿದಳು. ಅದರಲ್ಲಿ ಕಂಡದ್ದು ಪಾದದ ಮೇಲ್ಭಾಗ ಮಾತ್ರ. ತೊಳೆದು, ಅರಿಶಿನ ಹಚ್ಚಿ, ಕಾಲುಂಗುರ ತಿಕ್ಕಿ ಫಳಫಳ ಮಾಡಿದ ಪಾದ. ಮದುವೆಯ ಫೋಟೋದಲ್ಲಿ ಹಾಕಬಹುದಾಗಿತ್ತು.

"ಅಡಿ ತೋರ್ಸಾಕೆ ಒಪ್ಪಂಗಿಲ್ಲ. ನೋವೂ ಇಲ್ವಂತೆ, ಅದಕ್ಕೇ ನಂಗೆ ಹೆದ್ರಿಕೆ" ಎಂದು ಪಿಸುಗುಟ್ಟಿದಳು. "ನಾನು ಬಾಯಿ ತೆಗೆದ್ರೆ ಕಣ್ಣು ಬಿಡ್ತಾರೆ. ನೀನು ಹೇಳು."

ದೊಡ್ಡಮ್ಮ ಎದ್ದ ಮೇಲೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಸುಲಭವಿತ್ತು. ವಾದಕ್ಕೆ ಕೂತಳು.

"ಡಾಕ್ಟ್ರು ಅಂದ್ರೆ ಯಾರು? ಜೀವ ಉಳ್ಸೋರು. ಅವ್ರ ಮಕ ಫೋನ್ನಾಗೆ ಐತೆ. ಆ ಫೋನ್ ತಗೊಂಡು ನನ್ನ ಅಂಗಾಲ ಕೆಳಗೆ ಹಿಡಿಬೇಕಾ? ನಿಮ್ಮ ಮಾಸ್ತರ ಮಕಕ್ಕೆ ನೀನು ಕಾಲು ಹಿಡಿತೀಯೇನೇ?"

"ಹೋದ ವರ್ಷ ಕಾಲಿಗೆ ಮುಳ್ಳು ಚುಚ್ಚಿದಾಗ ಹರಿಹರದ ಡಾಕ್ಟರಿಗೆ ತೋರಿಸಿದ್ಯಲ್ಲ?"

"ನಾನು ತೋರ್ಸಿಲ್ಲ. ಅವ್ರು ಬಗ್ಗಿ ನೋಡಿದ್ರು. ಬಗ್ಗೋದು ಅವ್ರು ಮಾಡಿದ್ದು, ಆ ದೊಡ್ಡಸ್ತಿಕೆ ಅವ್ರದು. ನಾನೇ ಕಾಲು ಎತ್ತಿ ಮಕಕ್ಕೆ ಹಿಡಿಯೋದು ಬ್ಯಾರೆ."

"ಫೋನ್ ತಿರುಗಿಸಿ ಹಿಡಿದರೆ ಡಾಕ್ಟರ ಮುಖ ಆ ಕಡೆ ಇರುತ್ತೆ, ಫೋನಿನ ಬೆನ್ನ ಕಡೆಯ ಕ್ಯಾಮೆರಾದಲ್ಲಿ ಕಾಲು ಕಾಣುತ್ತೆ."

"ಅಂದ್ರೆ ಅವ್ರ ಬೆನ್ನಿಗೆ ಕಾಲು ಹಿಡಿಬೇಕು. ಬಾಳ ಚೆಂದಾಗೈತೆ."

ರಾಜ್ಯ ಮಟ್ಟದ ಬಹುಮಾನಗಳು ಮೈಸೂರಿನ ಷೋಕೇಸಿನಲ್ಲಿದ್ದವು. ಅವುಗಳಿಂದ ಇಲ್ಲಿ ಏನೂ ಉಪಯೋಗವಿರಲಿಲ್ಲ. ನಿಜ ಹೇಳಬೇಕೆಂದರೆ ಸೋಲುತ್ತಲೇ ನನಗೆ ಒಳಗೊಳಗೆ ಹೆಮ್ಮೆಯಾಗುತ್ತಿತ್ತು. ಈ ನಾಲಿಗೆ ನನಗೆ ಎಲ್ಲಿಂದ ಬಂತೆಂದು ಕಾಲೇಜಿನಲ್ಲಿ ಕೇಳುತ್ತಾರೆ. ನಂದಿಗುಡಿಯ ಬಸ್ ಹತ್ತಿ ಎನ್ನಬೇಕು. ಆದರೆ ಹೆಮ್ಮೆಯಿಂದ ಗಾಯ ಮಾಯುವುದಿಲ್ಲ, ಆ ಕಪ್ಪು ಅಂಚು ಕಣ್ಣಮುಂದಿನಿಂದ ಹೋಗಲಿಲ್ಲ.

ಮರುದಿನ ಹನ್ನೊಂದಕ್ಕೆ ಡಾಕ್ಟರ ವಿಡಿಯೋ ಇತ್ತು. ಒಂಬತ್ತರಿಂದಲೇ ತಯಾರಿ. ದೊಡ್ಡಮ್ಮ ಇಳಕಲ್ ಸೀರೆ ಉಟ್ಟಳು, ಮುಖಕ್ಕೆ ಪೌಡರ್ ಹಚ್ಚಿದಳು, ಹಿಂದಿನ ಗೋಡೆಯ ಮೇಲಿದ್ದ ಹಳೇ ಕ್ಯಾಲೆಂಡರ್ ತೆಗೆಸಿದಳು. ಮನೆಗೆ ದೊಡ್ಡವರು ಬರುವಾಗ ಏನೇನು ಮಾಡುತ್ತಾರೋ ಎಲ್ಲವೂ ಆಯಿತು. ಪರದೆಯ ಮೇಲೆ ಬಂದದ್ದು ಕನ್ನಡಕದ ಯುವತಿ, ನನಗಿಂತ ಆರೇಳು ವರ್ಷ ದೊಡ್ಡವರಿರಬಹುದು, ದಕ್ಷಿಣದ ಕಡೆಯ ಕನ್ನಡ.

"ಹೇಗಿದೀರಮ್ಮ? ಗಾಯ ಹೇಗಿದೆ?"

"ಆರಾಮ್ ಐತ್ರಿ. ನೀವು ಆರಾಮಾ? ನಾಷ್ಟಾ ಆತಾ?"

"ಆಯ್ತು ಅಮ್ಮ. ಫೋಟೋ ನೋಡಿದೆ, ಊತ ಕಡಿಮೆಯಾದ ಹಾಗಿದೆ. ಅದೇ ಮಾತ್ರೆ ಮುಂದುವರಿಸೋಣ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಎದುರು ಪಕ್ಷದ ಮಾತು ಮುಗಿಯುವವರೆಗೆ ಕಾಯಬೇಕೆಂಬುದು ನಿಯಮ. ಮುರಿದೆ. "ಮೇಡಂ, ನೀವು ನೋಡಿರೋದು ಪಾದದ ಮೇಲ್ಭಾಗ. ಗಾಯ ಅಂಗಾಲಿನಲ್ಲಿದೆ. ಅಂಚು ಕಪ್ಪಾಗಿದೆ, ವಾಸನೆ ಇದೆ, ನೋವಿಲ್ಲ."

ದೊಡ್ಡಮ್ಮ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಡಾಕ್ಟರ ಮುಖದಲ್ಲಿದ್ದ ನಗು ಹೋಯಿತು. "ಅಮ್ಮ, ಈಗಲೇ ಅಂಗಾಲು ತೋರಿಸಿ."

"ತೋರ್ಸಂಗಿಲ್ರಿ. ತಪ್ಪು ತಿಳ್ಕಬ್ಯಾಡ್ರಿ. ನಿಮ್ಮ ಮಕಕ್ಕೆ ನಾನು ಕಾಲು ಹಿಡಿಯಾಕಿಲ್ಲ."

ಆಗ ಡಾಕ್ಟರು ಹೇಳಿದ್ದನ್ನು ನಾನು ಮರೆಯಲಾರೆ. "ಸರಿ ಅಮ್ಮ. ನೀವು ಹಿಡಿಯೋದು ಬೇಡ. ನೀವು ದಾವಣಗೆರೆಗೆ ಬನ್ನಿ. ನಾನೇ ಬಗ್ಗಿ ನೋಡ್ತೀನಿ. ಆದರೆ ಇವತ್ತೇ ಬರಬೇಕು. ತಡ ಮಾಡಿದರೆ ಬೆರಳು ಉಳಿಯುತ್ತೋ ಇಲ್ಲವೋ, ಕಾಲಿನ ಮಾತೂ ಹೇಳೋಕಾಗಲ್ಲ."

"ಈಗ ನ್ಯಾಯದ ಮಾತು ಆಡಿದ್ರಿ ನೋಡ್ರಿ," ಎಂದಳು ದೊಡ್ಡಮ್ಮ. "ಆದ್ರೆ ನಾಳೆ ನಮ್ಮ ನಾಟಿ. ಮುಗಿಸ್ಕಂಡು ನಾಡಿದ್ದು ಬರ್ತೀನಿ."

ಕೆಸರಿಗೆ ಇಳಿಯುತ್ತಾಳೆ, ಆ ಗಾಯದ ಕಾಲಿನಲ್ಲಿ! ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ದನಿ ಕೇಳಿತು.

"ನಾಟಿ ನಾನು ಮಾಡಿಸ್ತೀನಿ." ಅತ್ತಿಗೆ. ಫೋನ್ ಹಿಡಿದು ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು.

ದೊಡ್ಡಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಕಾಲುವೆ ಕಡೆ ಮಡಿ ಮೊದ್ಲೋ, ರಸ್ತಿ ಕಡೆ ಮಡಿ ಮೊದ್ಲೋ?"

"ರಸ್ತಿ ಕಡೇದು. ಅಲ್ಲಿ ನೀರು ಬೇಗ ಇಳೀತೈತೆ."

"ಆಳುಗಳು ಹತ್ತು ಗಂಟೆಗೆ ಚಾ ಕೇಳಿದ್ರೆ?"

"ಅರ್ಧ ಮಡಿ ಮುಗೀಲಿ ಅಂತೀನಿ."

"ಸಕ್ರಿ ಎಷ್ಟು ಹಾಕ್ತೀ?"

"ನಿಮ್ಮ ಪಾಲಿಂದೂ ಅವ್ರಿಗೇ ಹಾಕ್ತೀನಿ. ನೀವಂತೂ ಕುಡಿಯಂಗಿಲ್ಲ."

ಫೋನಿನೊಳಗೆ ಡಾಕ್ಟರು ಕೈಯಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಮ್ಮನ ತುಟಿಯೂ ಅಲುಗಿತು, ಆದರೆ ಅವಳು ನಗಲಿಲ್ಲ. "ಹುಂ. ಕಾರು ಹೇಳ್ರಿ ಹಂಗಾದ್ರೆ," ಎಂದಳು.

ಊರಿನ ಒಬ್ಬರ ಕಾರು ಬಾಡಿಗೆಗೆ ಸಿಕ್ಕಿತು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು, ನಾನು ಮುಂದೆ. ದಾರಿಯುದ್ದಕ್ಕೂ ಮಳೆ. ದಾವಣಗೆರೆ ಹತ್ತಿರವಾದಾಗ ಅವಳು, "ಬೆರಳು ತೆಗಿಬೇಕು ಅಂದ್ರೆ ನಿಮ್ಮಮ್ಮಂಗೆ ನೀನೇ ಹೇಳ್ಬೇಕು. ನನ್ ಕೈಲಿ ಆಗಂಗಿಲ್ಲ" ಎಂದಳು. ಆ ಒಂದು ಮಾತಿನಲ್ಲಿ ಅವಳಿಗೆ ಎಷ್ಟು ಭಯವಿದೆ ಎಂದು ನನಗೆ ತಿಳಿಯಿತು. ಎಷ್ಟು ದಿನದಿಂದ ಆ ಭಯ ಪೌಡರ್ ಹಚ್ಚಿಕೊಂಡು ಕೂತಿತ್ತೋ.

ಫೋನಿನ ಡಾಕ್ಟರು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವವರು. ರೋಗಿಗಳನ್ನು ಕೆಳಗೆ ಬಂದು ನೋಡುವುದು ಅವರ ಪಾಳಿಯಲ್ಲಿ ಇರಲಿಲ್ಲ. ಆದರೂ ಬಂದರು. ಪರದೆಯಲ್ಲಿ ಕಂಡದ್ದಕ್ಕಿಂತ ಗಿಡ್ಡ, ಕಾಲಲ್ಲಿ ಓಡುವವರ ಬೂಟು.

"ಫೋನ್ನಾಗೆ ಎತ್ತರ ಕಾಣ್ತಿದ್ರಿ," ಎಂದಳು ದೊಡ್ಡಮ್ಮ.

"ನೀವೂ ಫೋನಿನಲ್ಲಿ ಆರಾಮಾಗಿ ಕಾಣ್ತಿದ್ರಿ ಅಮ್ಮ," ಎಂದರು ಡಾಕ್ಟರು. ಗಿಡ್ಡ ಸ್ಟೂಲ್ ಎಳೆದುಕೊಂಡು ಕೂತು, ಬಗ್ಗಿ, ಆ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು. ದೊಡ್ಡಮ್ಮ ಕೈ ಮುಗಿದು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಬೆರಳಿನಿಂದ ಒತ್ತಿದರು, ಮೂಸಿದರು, ಹಿಮ್ಮಡಿಯ ಹತ್ತಿರ ನಾಡಿ ಹುಡುಕಿದರು. ಇದ್ಯಾವುದೂ ಫೋನಿನಲ್ಲಿ ಆಗುವುದಲ್ಲ. ಎಕ್ಸ್‌ರೇ ಆಯಿತು. ಅದು ಬರುವವರೆಗೆ ನಾವು ಬೆಂಚಿನ ಮೇಲೆ ಕಾದೆವು. ಮಾವ ಅಂಗಡಿಯಿಂದ ಓಡಿ ಬಂದು ಅಕ್ಕನ ಪಕ್ಕ ಕೂತರು.

ಮೂಳೆಗೆ ತಗುಲಿರಲಿಲ್ಲ. ಸತ್ತ ಮಾಂಸ ಕೆರೆದು ತೆಗೆಯಬೇಕು, ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕು, ಆಮೇಲೆ ಆ ಕಾಲು ಊರಬಾರದು. ಬೆರಳು ಉಳಿಯುತ್ತದೆ. "ಇನ್ನೊಂದು ಸಲ ನೀವು ಆರಾಮ ಅಂದಿದ್ದರೆ ನಾನೂ ಅದೇ ಮಾತ್ರೆ ಬರೀತಿದ್ದೆ. ನನ್ನದೂ ತಪ್ಪಿದೆ, ಅಡಿ ತೋರಿಸಿ ಅಂತ ಮೊದಲನೇ ದಿನವೇ ಕೇಳಬೇಕಿತ್ತು" ಎಂದರು ಡಾಕ್ಟರು.

ಬಿಡುಗಡೆಯ ದಿನ ನಾನೂ ಅಲ್ಲಿದ್ದೆ. ಡ್ರೆಸ್ಸಿಂಗಿಗೆ ಪ್ರತಿ ಸಲ ಇಷ್ಟು ದೂರ ಬರುವುದು ಬೇಡ, ಊರಿಗೇ ನರ್ಸ್ ಬಂದು ಕಟ್ಟುತ್ತಾರೆ, ನಾನು ವಿಡಿಯೋದಲ್ಲಿ ನೋಡಬೇಕು, ತೋರಿಸುತ್ತೀರಾ ಎಂದು ಡಾಕ್ಟರು ಕೇಳಿದರು.

"ಮುಟ್ಟಿ ನೋಡಿದ್ರಲ್ಲ, ಇನ್ನು ಮುಚ್ಚೋದೇನೈತೆ? ಫೋನ್ ಮಾಡ್ರಿ," ಎಂದಳು ದೊಡ್ಡಮ್ಮ. "ಆದ್ರೆ ಕಾಲು ತೋರ್ಸೋ ಹೊತ್ನಾಗೆ ನಿಮ್ಮ ಮಕ ಅದ್ರಾಗೆ ಇರಬಾರ್ದು. ದನಿ ಸಾಕು."

ಡಾಕ್ಟರು ತಮ್ಮ ಫೋನ್ ತೆಗೆದು ಯೋಚಿಸಿದರು. "ನನ್ನ ಕಡೆ ಕ್ಯಾಮೆರಾ ಆಫ್ ಮಾಡಬಹುದು ಅಮ್ಮ. ನಾನು ನಿಮಗೆ ಕಾಣಲ್ಲ, ಕಾಲು ನನಗೆ ಕಾಣುತ್ತೆ." ಒಂದು ಗುಂಡಿ ಒತ್ತುವಷ್ಟು ಕೆಲಸ. ಎಷ್ಟು ಹಳ್ಳಿಗಳಲ್ಲಿ ಎಷ್ಟು ಹಿರಿಯರು ಸೀರೆಯೊಳಗೆ, ಪಂಚೆಯೊಳಗೆ ಕಾಲು ಎಳೆದುಕೊಂಡು ಆರಾಮ ಎನ್ನುತ್ತಿದ್ದಾರೋ, ಅವರಿಗೆಲ್ಲ ಇನ್ನು ಮೊದಲು ಇದನ್ನೇ ಹೇಳುತ್ತೇನೆ ಎಂದರು ಅವರು. ಫೋನ್ ವೈದ್ಯದ ಬಗ್ಗೆ ಜನರಿಗೆ ಅತೃಪ್ತಿ ಎಂದು ನಾನೂ ವೇದಿಕೆಯಿಂದ ಹೇಳಿದ್ದೇನೆ, ಜನ ಎಂದರೆ ಒಬ್ಬನೇ ಮನುಷ್ಯ ಎಂಬಂತೆ. ಮಾವನಿಗೆ ಬೇಕಾದದ್ದು ಗುರುತು, ನಾಗವೇಣಿಗೆ ಬಾಗಿಲು, ನೀಲಿ ಅಂಗಿಯವರಿಗೆ ಹೊತ್ತು. ನಮ್ಮ ದೊಡ್ಡಮ್ಮನಿಗೆ ಮರ್ಯಾದೆ. ಅವಳೊಬ್ಬಳು ಅದನ್ನು ಷರತ್ತು ಹಾಕಿ ಪಡೆದಳು.

ಅವಳನ್ನು ನಂದಿಗುಡಿಗೆ ಕಳಿಸಿದ ಮರುದಿನ ಮಧ್ಯಾಹ್ನ ಬೆಂಗಳೂರು ಕಡೆಯ ರೈಲು ಹತ್ತಿದೆ, ಅಲ್ಲಿಂದ ಮೈಸೂರಿಗೆ. ಮಾವ ಚೀಲದ ತುಂಬ ಮಂಡಕ್ಕಿ ಹೊರಿಸಿದ್ದರು. ರೈಲು ದಾವಣಗೆರೆ ಬಿಟ್ಟು ಐದು ನಿಮಿಷವಾಗಿರಲಿಲ್ಲ, ಅತ್ತಿಗೆಯ ಫೋನಿನಿಂದ ವಿಡಿಯೋ ಬಂತು. ಎತ್ತಿದರೆ ದೊಡ್ಡಮ್ಮನ ದನಿ.

"ನರ್ಸು ಪಟ್ಟಿ ಬಿಚ್ಚಾರೆ. ಡಾಕ್ಟ್ರು ನೋಡಿ ಕೆಂಪಗಾಗೈತೆ, ಚಲೋ ಐತೆ ಅಂದ್ರು. ನೀನೂ ನೋಡು. ನಿಂಗೆ ಅದು ಆಫು ಗೀಫು ಏನೂ ಬ್ಯಾಡ, ನೀನು ಸಣ್ಣಾಕಿ. ಏ ಸವಿತಾ, ಇನ್ನಾ ಹತ್ರ ಹಿಡಿ."

ಪರದೆಯ ತುಂಬ ಅಂಗಾಲು ಬಂದು ನಿಂತಿತು. ಎದುರು ಸೀಟಿನ ಹೆಂಗಸು ಬುತ್ತಿ ಬಿಚ್ಚುತ್ತಿದ್ದವರು ಕೈ ತಡೆದು, "ಯಾರ ಕಾಲವ್ವ ಅದು?" ಎಂದರು.

"ನಮ್ಮ ದೊಡ್ಡಮ್ಮಂದು," ಎಂದೆ, ಬೋಗಿಗೆಲ್ಲ ಕೇಳುವ ಹಾಗೆ. ಐದೂ ಬೆರಳು ಕಾಣಲೆಂದು ಫೋನನ್ನು ಅವರ ಕಡೆ ತಿರುಗಿಸಿದೆ.